ಕಲಬುರಗಿಯಲ್ಲಿ ರಜೆಯ ಪಿಚ್ಚರ್: ಟಾಕೀಸೋ, ಮಲ್ಟಿಪ್ಲೆಕ್ಸೋ, ವಿಜ್ಞಾನ ಕೇಂದ್ರವೋ?

ರಜೆಯಲ್ಲಿ ಪಿಚ್ಚರಿಗೆ ಹೋಗುವ ಮಾತು ಬಂದರೆ ಮನೆಯಲ್ಲಿ ಮೊದಲು ಕೇಳುವುದು ಒಂದೇ: ಯಾವುದು ನಡೆದಿದೆ? ಬೇರೆ ಊರಲ್ಲಿ ಅದು ಸರಿ ಇರಬಹುದು. ಕಲಬುರಗಿಯಲ್ಲಿ, ಅದರಲ್ಲೂ ಬೇಸಿಗೆ ರಜೆಯಲ್ಲಿ, ಮೊದಲು ಕೇಳಬೇಕಾದ್ದು ಎಷ್ಟು ಗಂಟೆಗೆ ಹೊರಡೋದು ಅಂತ. ಗಂಟೆ ಗೊತ್ತಾದರೆ ಎಲ್ಲಿಗೆ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ. ಯಾವ ಸಿನಿಮಾ ಅನ್ನುವುದು ಅದರ ನಂತರದ ಮಾತು.

ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಸರ್ಕಾರವೇ ಮನೆಗೆ ಹೋಗಿ ಫ್ಯಾನ್ ಕೆಳಗೆ ಕೂರುವ ಹೊತ್ತಿನಲ್ಲಿ ನೀವು ಆಯಿಯನ್ನೂ ನಾಲ್ಕು ಮಕ್ಕಳನ್ನೂ ಆಟೋದಲ್ಲಿ ತುಂಬಿಕೊಂಡು ವಸ್ತು ಸಂಗ್ರಹಾಲಯ ತೋರಿಸಲು ಹೊರಟರೆ, ಆ ಮಕ್ಕಳಿಗೆ ಬಿಸಿಲು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಊರಿನಲ್ಲಿ ತೆರೆ ಮೇಲೆ ಏನಾದರೂ ನೋಡಬೇಕೆಂದರೆ ಮುಖ್ಯವಾಗಿ ಇರುವುದು ಮಲ್ಟಿಪ್ಲೆಕ್ಸ್, ಸಿಂಗಲ್ ಸ್ಕ್ರೀನ್ ಟಾಕೀಸ್, ಜಿಲ್ಲಾ ವಿಜ್ಞಾನ ಕೇಂದ್ರದ ತಾರಾಮಂಡಲ ಮತ್ತು 3ಡಿ ಪ್ರದರ್ಶನ. ಇವುಗಳ ಜೊತೆಗೆ ರಂಗಮಂದಿರ, ಭವನಗಳಲ್ಲಿ ಯಾರಾದರೂ ಏರ್ಪಡಿಸಿದಾಗ ನಡೆಯುವ ಪ್ರದರ್ಶನಗಳು. ಯಾವುದೂ ಎಲ್ಲರಿಗೂ ಎಲ್ಲ ಹೊತ್ತಿಗೂ ಸರಿ ಹೊಂದುವುದಿಲ್ಲ. ನನ್ನ ಒಲವು ಎಲ್ಲಿದೆ ಅನ್ನುವುದು ಮುಂದೆ ಓದುತ್ತಾ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ.

ಮಧ್ಯಾಹ್ನದ ಹೊತ್ತು: ಮಲ್ಟಿಪ್ಲೆಕ್ಸ್

ಮಧ್ಯಾಹ್ನ 12ರಿಂದ 5ರ ತನಕ ಒಳ್ಳೆಯ ಎಸಿ ಇರುವ ಜಾಗವೇ ಬೇಕು. ಆ ಹೊತ್ತಿಗೆ ಮಲ್ಟಿಪ್ಲೆಕ್ಸಿಗೆ ಸರಿಸಾಟಿ ಇಲ್ಲ. ಲಿಫ್ಟ್ ಇರುತ್ತದೆ, ಕುರ್ಚಿ ಅಗಲ ಇರುತ್ತದೆ, ಶೌಚಾಲಯ ಶುಚಿಯಾಗಿರುತ್ತದೆ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಇಷ್ಟೇ ಸಾಕು, ಬೇರೆ ಯೋಚನೆ ಬೇಡ.

ಆದರೆ ದುಡ್ಡಿನ ಲೆಕ್ಕ ಮೊದಲೇ ಹಾಕಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಇದ್ದರೆ ಶೇ 18. ಐದು ಜನರ ಮನೆ ಅಂದುಕೊಳ್ಳಿ. ಮೂಲ ದರ 100 ಇದ್ದರೆ ಒಬ್ಬರಿಗೆ 105, ಒಟ್ಟು 525 ರೂಪಾಯಿ. ಮೂಲ ದರ 200 ಇದ್ದರೆ ಒಬ್ಬರಿಗೆ 236, ಒಟ್ಟು 1,180. ದರ ಎರಡು ಪಟ್ಟಾದರೆ ಕೈಯಿಂದ ಹೋಗುವ ದುಡ್ಡು ಎರಡು ಪಟ್ಟಿಗಿಂತ ಜಾಸ್ತಿ. ಆನ್‌ಲೈನ್ ಬುಕಿಂಗ್ ಶುಲ್ಕ ಇದರ ಮೇಲೆ, ಅದೂ ಪ್ರತಿ ಟಿಕೆಟ್ಟಿಗೆ. ರಜೆಯ ವಾರದ ನಡುವಿನ ದಿನ ಹೋಗುವುದಾದರೆ ಕೌಂಟರಿನಲ್ಲೇ ಟಿಕೆಟ್ ಸಿಗುತ್ತದೆ, ಆ ಶುಲ್ಕ ಸುಮ್ನೆ ಯಾಕೆ ಕೊಡಬೇಕು?

"ಈಗ ಎಲ್ಲ ಕಡೆ ಟಿಕೆಟ್ 200 ರೂಪಾಯಿ ಅಲ್ವಾ?" ಅಂತ ಇನ್ನೂ ಕೇಳುವವರಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿದ್ದು ನಿಜ. ಆದರೆ ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಹಾಗಾಗಿ ಪೇಪರಿನಲ್ಲಿ ಓದಿದ್ದನ್ನು ನಂಬಿಕೊಂಡು ಹೋಗಬೇಡಿ, ಹೊರಡುವ ದಿನ ಆ ಶೋದ ದರ ನೋಡಿಕೊಳ್ಳಿ. ಒಂದೇ ತೆರೆಯಲ್ಲಿ ಬೆಳಗಿನ ಶೋ ಒಂದು ದರ, ಭಾನುವಾರ ಸಂಜೆ ಇನ್ನೊಂದು ದರ ಇರುವುದು ಮಾಮೂಲು.

ತಿಂಡಿ ಇನ್ನೊಂದು ತಲೆನೋವು. ಮನೆಯಿಂದ ಸೂಸ್ಲಾ, ಮಿರ್ಚಿ ಭಜಿ ಕಟ್ಟಿಕೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ತಡೆಯುವ ಹಕ್ಕು ಅವರಿಗಿದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ನಮ್ಮ ಪರವಾದ ಎರಡು ಮಾತೂ ಇವೆ: ಕುಡಿಯುವ ಶುದ್ಧ ನೀರನ್ನು ಪುಕ್ಕಟೆ ಕೊಡಬೇಕು, ಕೂಸಿಗೆ ಬೇಕಾದಷ್ಟು ಆಹಾರ ಒಳಗೆ ಒಯ್ಯಲು ಬಿಡಬೇಕು. ನೀರು ಎಲ್ಲಿದೆ ಎಂದು ಕೇಳಲು ಹಿಂಜರಿಯಬೇಡಿ. ನಮ್ಮ ಕಡೆ ಜನ ಕೇಳುವುದಕ್ಕೆ ನಾಚಿಕೊಂಡು ಬಾಟಲಿ ಕೊಂಡು ಕುಡಿಯುತ್ತಾರೆ. 42 ಡಿಗ್ರಿಯಲ್ಲಿ ನೀರು ಕೇಳುವುದರಲ್ಲಿ ನಾಚಿಕೆ ಎಂಥದ್ದು?

ಇನ್ನೊಂದು ಕಿವಿಮಾತು. ಬೇಸಿಗೆ ರಜೆ ಮತ್ತು ಐಪಿಎಲ್ ಒಟ್ಟಿಗೇ ಬರುತ್ತವೆ. ಸಂಜೆಯ ಮ್ಯಾಚ್ 7.30ಕ್ಕೆ ಶುರು. ಬೆಂಗಳೂರು ತಂಡ ಆಡುವ ದಿನ ಆ ಹೊತ್ತಿನ ಶೋಗೆ ಗಂಡಸರು ಬರುವುದು ಕಡಿಮೆ. ಮನೆಯ ಹೆಂಗಸರು, ಮಕ್ಕಳು ಆರಾಮಾಗಿ ನಡುಸಾಲಿನಲ್ಲಿ ಕೂತು ನೋಡಬೇಕೆಂದರೆ ಅದಕ್ಕಿಂತ ಛಲೋ ದಿನ ಇಲ್ಲ.

ಟಾಕೀಸಿಗೆ ಯಾವಾಗ ಹೋಗಬೇಕು?

ಶೆಟ್ಟಿ, ಸಂಗಮ್ ಅನ್ನುವ ಹೆಸರುಗಳನ್ನು ಕೇಳುತ್ತಾ ಬೆಳೆದವರಿಗೆ ಟಾಕೀಸಿನ ಬಗ್ಗೆ ಹೇಳಿಕೊಡುವುದೇನೂ ಇಲ್ಲ. ಆದರೆ ಹಳೇ ಅಳತೆಗೋಲು ಈಗ ನಡೆಯುವುದಿಲ್ಲ. ಮೊದಲೆಲ್ಲ ಬೆಂಗಳೂರು, ಹೈದರಾಬಾದಿನಲ್ಲಿ ಓಡಿ ಸವೆದ ಪ್ರಿಂಟು ತಡವಾಗಿ ಇಲ್ಲಿಗೆ ಬರುತ್ತಿತ್ತು. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ಸಾವಿರ ಅಡಿಯ ಹದಿನಾಲ್ಕು ರೀಲು. ಅದು ಡಬ್ಬಿಯಲ್ಲಿ ಊರಿಂದೂರಿಗೆ ತಿರುಗುತ್ತಾ ಗೀಚು ಬಿದ್ದು, ತುಂಡಾಗಿ, ಅಂಟಿಸಿಕೊಂಡು ಬರುತ್ತಿತ್ತು. ನಡುವೆ ಒಂದು ಹಾಡೇ ಇಲ್ಲದೆ ಸಿನಿಮಾ ಮುಂದೆ ಹೋದದ್ದನ್ನು ಹಿರಿಯರು ಈಗಲೂ ಹೇಳಿ ನಗುತ್ತಾರೆ. ಈಗ ಎಲ್ಲ ಡಿಜಿಟಲ್. ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ ತೋರಿಸುವ ಚಿತ್ರವೇ ಅದೇ ಬೆಳಿಗ್ಗೆ ಇಲ್ಲಿಯೂ ಇರುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪ್ರೊಜೆಕ್ಟರಿನ ಬೆಳಕಿನಲ್ಲಿ, ಸೌಂಡಿನಲ್ಲಿ, ಕುರ್ಚಿಯಲ್ಲಿ, ಮತ್ತು ಜನರಲ್ಲಿ. ದೊಡ್ಡ ಹೀರೋನ ಚಿತ್ರವನ್ನು ಮೊದಲ ವಾರದಲ್ಲಿ ನೋಡುವುದಾದರೆ ನಾನು ಕಣ್ಣು ಮುಚ್ಚಿ ಟಾಕೀಸಿಗೆ ಹೇಳುತ್ತೇನೆ. ಹೀರೋ ತೆರೆಗೆ ಬಂದಾಗ ಬೀಳುವ ಶಿಳ್ಳೆ, ಹಾರುವ ಕಾಗದದ ಚೂರು, ಎದ್ದು ನಿಂತು ಕುಣಿಯುವ ಮುಂದಿನ ಸಾಲು, ಇದೆಲ್ಲ ಮಲ್ಟಿಪ್ಲೆಕ್ಸಿನಲ್ಲಿ ಇಲ್ಲ. ಕಾಲೇಜಿನ ಹುಡುಗರಿಗೆ ಅರ್ಧ ಸಿನಿಮಾ ಅದೇ. ಮಕ್ಕಳಿದ್ದರೆ ಬಾಲ್ಕನಿ ತಗೊಳ್ಳಿ, ಕೆಳಗಿನ ಗದ್ದಲ ಮೇಲಿಂದ ನೋಡಲೂ ಚೆನ್ನ.

ಅದೇ 3ಡಿ ಸಿನಿಮಾ ಆದರೆ ಟಾಕೀಸು ಬೇಡ. 3ಡಿ ಕನ್ನಡಕ ತೆರೆಯ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿಬಿಡುತ್ತದೆ. ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾಗಿದ್ದರೆ ರಾತ್ರಿಯ ದೃಶ್ಯಗಳಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತಲೂ ಗೊತ್ತಾಗುವುದಿಲ್ಲ. ಮಕ್ಕಳ ಅನಿಮೇಷನ್, ಮಾತು ಜಾಸ್ತಿ ಇರುವ ಸಣ್ಣ ಕನ್ನಡ ಚಿತ್ರ, ಇವೂ ಸಣ್ಣ ಹಾಲಿನಲ್ಲೇ ಚೆನ್ನ. ಶಿಳ್ಳೆ ನಡುವೆ ಪಿಸುಮಾತಿನ ದೃಶ್ಯ ಕೇಳಿಸುವುದಿಲ್ಲ.

ಎಸಿ ಇದೆ ಎಂದು ಬೋರ್ಡಿನಲ್ಲಿ ಬರೆದದ್ದು ಒಂದು, ಮಧ್ಯಾಹ್ನದ ಮ್ಯಾಟ್ನಿಯಲ್ಲಿ ಅದು ನಡೆಯುವುದು ಇನ್ನೊಂದು. ಜನ ಕಡಿಮೆ ಇದ್ದಾಗ ಕೆಲವು ಕಡೆ ಇಂಟರ್ವಲ್ ಹೊತ್ತಿಗೆ ಎಸಿ ನಿಲ್ಲಿಸುವುದುಂಟು. ಮೇ ತಿಂಗಳಲ್ಲಿ ಟಾಕೀಸಿಗೆ ಹೋಗುವುದಾದರೆ ಸಂಜೆಯ ಫಸ್ಟ್ ಶೋ ಸರಿ. ಸೆಕೆಂಡ್ ಶೋ ಮುಗಿಯುವುದು ಮಧ್ಯರಾತ್ರಿ. ಸ್ವಂತ ಗಾಡಿ ಇಲ್ಲದವರು ಆಟೋದವರಿಗೆ ಮೊದಲೇ ಹೇಳಿಡಿ.

ಯಾವ ಭಾಷೆಯ ಶೋ?

ಇದು ನಮ್ಮ ಊರಿನದೇ ವಿಶೇಷ ಪ್ರಶ್ನೆ. ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣ, ಆಳಂದ, ಅಫಜಲಪುರ ದಾಟಿದರೆ ಮಹಾರಾಷ್ಟ್ರ. ಊರೊಳಗೆ ದಖನಿ ಉರ್ದು ಮಾತಾಡುವ ಅರ್ಧ ಬಜಾರು. ಹಾಗಾಗಿ ಇಲ್ಲಿನ ತೆರೆಗಳು ಕನ್ನಡ, ತೆಲುಗು, ಹಿಂದಿ ಮೂರಕ್ಕೂ ಹಂಚಿಹೋಗಿವೆ. ಒಂದೇ ಸಿನಿಮಾ ಬೆಳಿಗ್ಗೆ ತೆಲುಗಿನಲ್ಲಿ, ಮಧ್ಯಾಹ್ನ ಹಿಂದಿಯಲ್ಲಿ, ರಾತ್ರಿ ಕನ್ನಡ ಡಬ್ಬಿಂಗಿನಲ್ಲಿ ಇರಬಹುದು. ಟಿಕೆಟ್ ತಗೊಳ್ಳುವಾಗ ಸಿನಿಮಾದ ಹೆಸರಿನ ಪಕ್ಕದಲ್ಲಿ ಬರೆದ ಭಾಷೆ ಓದಿ. ಸಣ್ಣ ಅಕ್ಷರದಲ್ಲಿರುತ್ತದೆ. ಹಳ್ಳಿಯಿಂದ ಬಂದ ಅಜ್ಜನಿಗೆ ಹಿಂದಿ ಶೋ ಸಿಕ್ಕಿಬಿಟ್ಟರೆ ಎರಡೂವರೆ ಗಂಟೆ ಪಕ್ಕದಲ್ಲಿ ಕೂತು ನೀವೇ ಡಬ್ಬಿಂಗ್ ಮಾಡಬೇಕಾಗುತ್ತದೆ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಕನ್ನಡದ ಶೋ ಹುಡುಕುವುದು ಒಳ್ಳೆಯದು. ಅದಕ್ಕಾಗಿ ಒಂದು ದಿನ ಕಾಯಬೇಕಾದರೂ ಕಾಯಿರಿ. ಕನ್ನಡ ಆವೃತ್ತಿಗೆ ಜನ ಬಂದರೆ ಮಾತ್ರ ಅದರ ಶೋ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರಕ್ಕೆ ಎತ್ತಿಬಿಡುತ್ತಾರೆ.

ಸರ್ಟಿಫಿಕೇಟ್ ಓದುವುದು ಹೇಗೆ

ಚಿಕ್ಕದಾಗಿ ಹೇಳುತ್ತೇನೆ. 2024ರ ಹೊಸ ನಿಯಮಗಳಿಂದ 'ಯುಎ' ಒಂದೇ ಆಗಿ ಉಳಿದಿಲ್ಲ. ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. 'ಯು' ಎಲ್ಲರಿಗೂ. 'ಎ' ಅಂದರೆ 18 ತುಂಬದವರಿಗೆ ಪ್ರವೇಶವೇ ಇಲ್ಲ, ಅಪ್ಪ-ಅಮ್ಮ ಜೊತೆಗಿದ್ದರೂ ಇಲ್ಲ. ಯುಎ ಹಾಗಲ್ಲ. ಅದು ಪಾಲಕರಿಗೆ ಕೊಡುವ ಎಚ್ಚರಿಕೆ, ಒಳಗೆ ಬಿಡುವುದು ಬಿಡದಿರುವುದು ನಿಮ್ಮ ಕೈಯಲ್ಲಿದೆ. ಈಚಿನ ದೊಡ್ಡ ಹೀರೋಗಳ ಚಿತ್ರಗಳಲ್ಲಿ ರಕ್ತ ಜಾಸ್ತಿ. ಎಂಟು ವರ್ಷದ ಮಗುವನ್ನು 16+ ಚಿತ್ರಕ್ಕೆ ಕರೆದೊಯ್ದರೆ ಯಾರೂ ತಡೆಯಲಾರರು, ಆದರೆ ರಾತ್ರಿ ಆ ಮಗು ಎದ್ದು ಕೂತಾಗ ಸಂತೈಸುವವರು ನೀವೇ.

ವಿಜ್ಞಾನ ಕೇಂದ್ರ: ಊರಿನವರೇ ಮರೆತ ತೆರೆ

ಈ ಬರಹದ ಮುಖ್ಯ ಮಾತಿಗೆ ಬರುತ್ತೇನೆ. ಐವಾನ್-ಎ-ಶಾಹಿ ಪ್ರದೇಶದ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ. ಕೇಂದ್ರ ಸಂಸ್ಕೃತಿ ಇಲಾಖೆಯ ಕೆಳಗಿನ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದ್ದು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯ ಇದರ ದೊಡ್ಡಣ್ಣ. ದೇಶದ ಮೊದಮೊದಲ ಜಿಲ್ಲಾ ವಿಜ್ಞಾನ ಕೇಂದ್ರಗಳಲ್ಲಿ ಇದೂ ಒಂದು. ಶಾಲೆಯ ಪ್ರವಾಸದಲ್ಲಿ ಒಮ್ಮೆ ಬಂದು ಹೋದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ದೂರದ ಊರಿನ ಬಸ್ಸುಗಳು ಮಕ್ಕಳನ್ನು ತುಂಬಿಕೊಂಡು ಬರುತ್ತವೆ, ಊರಿನ ಮಕ್ಕಳು ಮನೆಯಲ್ಲಿ ಫೋನು ಹಿಡಿದು ಕೂತಿರುತ್ತವೆ.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ರಜೆಯಲ್ಲಿ ಒಂದೇ ಒಂದು ಪ್ರದರ್ಶನ ತೋರಿಸಿ ಅಂದರೆ ನಾನು ಆರಿಸುವುದು ಇಲ್ಲಿಯ ತಾರಾಮಂಡಲ. ಕಾರಣಗಳಿವೆ. ಒಂದು, ಶೋ ಚಿಕ್ಕದು. ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಮಕ್ಕಳು ಬೇಸರಪಡುವ ಮೊದಲೇ. ಇನ್ನೊಂದು, ದುಡ್ಡು. ಪ್ರವೇಶ ಮತ್ತು ಪ್ರದರ್ಶನಗಳ ಟಿಕೆಟ್ ಬೇರೆ ಬೇರೆ ಇದ್ದರೂ ಒಬ್ಬರಿಗೆ ಎಲ್ಲ ಕೂಡಿಸಿದರೆ ಮಲ್ಟಿಪ್ಲೆಕ್ಸಿನ ಒಂದು ಪಾಪ್‌ಕಾರ್ನ್ ಡಬ್ಬಿಯ ಹತ್ತಿರವೂ ಬರುವುದಿಲ್ಲ. ಮೂರನೆಯದು, ಅದು ಮನೆಯಲ್ಲಿ ಸಿಗುವಂಥದ್ದಲ್ಲ. ಹೊಸ ದೊಡ್ಡ ಸಿನಿಮಾ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದಲ್ಲಿ ಓಟಿಟಿಗೆ ಬರುತ್ತದೆ. ಏಪ್ರಿಲಿನಲ್ಲಿ ಬಿಟ್ಟಿದ್ದು ಜೂನ್ ಮುಗಿಯುವುದರೊಳಗೆ ಟಿವಿಯಲ್ಲಿರುತ್ತದೆ. ತಲೆ ಮೇಲೆ ಗುಮ್ಮಟದ ತುಂಬ ಹರಡುವ ಆಕಾಶವನ್ನು ಯಾವ ಟಿವಿಯೂ ತೋರಿಸುವುದಿಲ್ಲ.

ಅಲ್ಲಿ ಸಿನಿಮಾ ರೂಢಿಗಳು ನಡೆಯುವುದಿಲ್ಲ ಅನ್ನುವುದು ಗೊತ್ತಿರಲಿ. ತಡವಾಗಿ ಹೋಗಿ ಟಾರ್ಚ್ ಬೆಳಕಲ್ಲಿ ಕುರ್ಚಿ ಹುಡುಕುವ ಪದ್ಧತಿ ಇಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಬ್ಬರು ಫೋನ್ ತೆಗೆದರೆ ಸುತ್ತಲಿನವರ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೂರು ವರ್ಷದೊಳಗಿನ ಕೂಸುಗಳನ್ನು ಕರೆದೊಯ್ಯಬೇಡಿ, ಪೂರ್ತಿ ಕತ್ತಲೆಯಾದಾಗ ಹೆದರಿ ಅಳುತ್ತವೆ. ಕುರ್ಚಿ ಆರಿಸುವ ಅವಕಾಶ ಸಿಕ್ಕರೆ ಹಿಂದಿನ ಕಡೆ ನಡುವಿನಲ್ಲಿ ಕೂರಿ, ಕತ್ತು ಜಾಸ್ತಿ ಎತ್ತುವುದು ತಪ್ಪುತ್ತದೆ. ಆಕಾಶ ಒಮ್ಮೆಲೇ ತಿರುಗಿದಾಗ ಕೆಲವರಿಗೆ ತಲೆ ಸುತ್ತಿದ ಹಾಗಾಗುತ್ತದೆ. ಎರಡು ಕ್ಷಣ ಕಣ್ಣು ಮುಚ್ಚಿದರೆ ಸರಿಹೋಗುತ್ತದೆ.

3ಡಿ ಪ್ರದರ್ಶನ ಮಕ್ಕಳಿಗೆ ಖುಷಿ ಕೊಡುತ್ತದೆ, ಮೀನು ಮೂಗಿನ ತುದಿಗೆ ಬಂದಾಗ ಕೂಗುತ್ತವೆ. ನನಗೆ ಕೇಳಿದರೆ ಅದು ತಾರಾಮಂಡಲದ ಮುಂದೆ ಸ್ವಲ್ಪ ಕಡಿಮೆಯೇ. ಆದರೂ ಅದರಿಂದ ಒಂದು ಪಾಠ ಸಿಗುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗೂ ಚೂರು ಜಾಸ್ತಿ ಅಂತರ ಇದೆ. ಹಾಗಾಗಿ ಎರಡೂ ಕಣ್ಣು ಕಾಣುವ ಚಿತ್ರದಲ್ಲಿ ಸಣ್ಣ ವ್ಯತ್ಯಾಸ. ತೆರೆ ಮೇಲೆ ಎರಡೂ ಚಿತ್ರ ಒಟ್ಟಿಗೆ ಬೀಳುತ್ತವೆ, ಕನ್ನಡಕ ಒಂದೊಂದನ್ನು ಒಂದೊಂದು ಕಣ್ಣಿಗೆ ಹಂಚುತ್ತದೆ. ಕನ್ನಡಕ ತೆಗೆದು ತೆರೆ ನೋಡಲು ಮಕ್ಕಳಿಗೆ ಹೇಳಿ, ಚಿತ್ರ ಎರಡೆರಡಾಗಿ ಕಾಣುತ್ತದೆ. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಸಿನಿಮಾ ಹಾಲಿನಲ್ಲಿ ಇದಕ್ಕೆಲ್ಲ ವ್ಯವಧಾನ ಇರುವುದಿಲ್ಲ. ಎಲ್ಲರಿಗೂ ಮೀನು ಮುಂದೆ ಬಂದು ನಿಮ್ಮ ಮಗುವಿಗೆ ಮಾತ್ರ ಚಪ್ಪಟೆಯಾಗಿ ಕಂಡರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಯಾವ ಹೊತ್ತಿಗೆ ಹೋಗಬೇಕು? ಬೇಸಿಗೆಯಲ್ಲಿ ಬೆಳಿಗ್ಗೆ, ಬಾಗಿಲು ತೆರೆದ ತಕ್ಷಣ. ಹೊರಗಿನ ವಿಜ್ಞಾನ ಉದ್ಯಾನದ ಜೋಕಾಲಿ, ಆಟಿಕೆಗಳು ಹತ್ತೂವರೆ ದಾಟಿದರೆ ಕೈ ಸುಡುತ್ತವೆ. ಮೊದಲು ಉದ್ಯಾನ, ಆಮೇಲೆ ಒಳಗಿನ ಗ್ಯಾಲರಿ, ಕೊನೆಗೆ ತಾರಾಮಂಡಲ. ಕೌಂಟರಿನಲ್ಲಿ ಮುಂದಿನ ಶೋ ಎಷ್ಟಕ್ಕೆ, ಯಾವ ಭಾಷೆಯಲ್ಲಿ ಎಂದು ಮೊದಲೇ ಕೇಳಿಕೊಂಡರೆ ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಹೆಂಗಸರು ಸಿಟಿ ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಪುಕ್ಕಟೆ, ಗುರುತಿನ ಚೀಟಿ ಇದ್ದರೆ ಸಾಕು.

ತಾರಾಮಂಡಲ ನೋಡಿದ ದಿನವೇ ರಾತ್ರಿ ಮಾಳಿಗೆ ಹತ್ತಿ. ನಮ್ಮ ಊರಲ್ಲಿ ಬೇಸಿಗೆಗೆ ಹೇಗೂ ಮಾಳಿಗೆ ಮೇಲೆ ಮಲಗುವವರಿದ್ದಾರೆ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಅದರ ಬಾಲದ ಬಾಗು ಹಿಡಿದು ಮುಂದೆ ಸಾಗಿದರೆ ಸ್ವಾತಿ, ಇನ್ನೂ ಮುಂದೆ ಹೋದರೆ ಚಿತ್ತಾ. ದಕ್ಷಿಣದ ಅಂಚಿನಲ್ಲಿ ಮರ, ಕಟ್ಟಡ ಅಡ್ಡ ಇಲ್ಲದಿದ್ದರೆ ತ್ರಿಶಂಕು ಕಾಣುತ್ತದೆ, ಸಣ್ಣ ಶಿಲುಬೆಯ ಆಕಾರ. ದಿಲ್ಲಿಯವರಿಗೆ ಅದು ಕಾಣುವುದೇ ಕಷ್ಟ.

ಹಗಲಿನಲ್ಲೂ ಒಂದು ಪುಕ್ಕಟೆ ಪ್ರದರ್ಶನ ಇದೆ. ಕಲಬುರಗಿ ಇರುವುದು ಹದಿನೇಳು ಡಿಗ್ರಿಗೆ ಸ್ವಲ್ಪ ಮೇಲಿನ ಅಕ್ಷಾಂಶದಲ್ಲಿ. ಹಾಗಾಗಿ ಮೇ 9ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಅಂಗಳದಲ್ಲಿ ನೇರವಾಗಿ ನಿಲ್ಲಿಸಿದ ಸ್ಟೀಲ್ ಲೋಟದ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಐದು ನಿಮಿಷ ಬಿಸಿಲಲ್ಲಿ ನಿಲ್ಲುವುದು ವ್ಯರ್ಥ ಅಲ್ಲ. ಟೋಪಿ ಹಾಕಿಕೊಳ್ಳಿ, ಸೂರ್ಯನ ಕಡೆ ನೋಡಬೇಡಿ, ನೆಲ ನೋಡಿ.

ಸಂಗ್ರಹಾಲಯ, ರಂಗಮಂದಿರ

ಸೇಡಂ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸಿನಿಮಾ ನೋಡಲು ಹೋಗುವುದಲ್ಲ. ಬಹಮನಿ ಕಾಲದ ಎರಡು ಗುಂಬಜುಗಳ ಒಳಗೇ ಶಿಲ್ಪ, ಶಾಸನಗಳನ್ನು ಇಟ್ಟಿದ್ದಾರೆ, ಸನ್ನತಿಯ ಬೌದ್ಧ ಶಿಲ್ಪಗಳೂ ಇವೆ. ದಪ್ಪ ಗೋಡೆ, ಎತ್ತರದ ಗುಮ್ಮಟ, ಒಳಗೆ ಹೊರಗಿಗಿಂತ ತಂಪು. ಐತಿಹಾಸಿಕ ಸಿನಿಮಾಕ್ಕೆ ಹೋಗುವ ಯೋಚನೆ ಇದ್ದರೆ ಅದರ ಹಿಂದಿನ ದಿನ ಬೆಳಿಗ್ಗೆ ಇಲ್ಲೊಂದು ಸುತ್ತು ಹಾಕಿಸಿ. ತೆರೆ ಮೇಲಿನ ಥರ್ಮಾಕೋಲ್ ಕಂಬಕ್ಕೂ ನಿಜವಾದ ಕಲ್ಲಿಗೂ ಇರುವ ವ್ಯತ್ಯಾಸ ಮಕ್ಕಳು ತಾವೇ ಹೇಳುತ್ತಾರೆ. ಬೇಸಿಗೆಯಲ್ಲಿ ಸರ್ಕಾರಿ ಸಮಯ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿ. ಮೇ 18 ಅಂತರರಾಷ್ಟ್ರೀಯ ವಸ್ತು ಸಂಗ್ರಹಾಲಯ ದಿನ, ರಜೆಯೊಳಗೇ ಬರುತ್ತದೆ. ಆ ವಾರ ಏನಾದರೂ ಕಾರ್ಯಕ್ರಮ ಇದೆಯಾ ಎಂದು ಪೇಪರಿನ 'ಇಂದಿನ ಕಾರ್ಯಕ್ರಮ' ನೋಡಿ.

ಅದೇ ಕಾಲಂ ಮೇಲೆ ಕಣ್ಣಿಟ್ಟರೆ ಡಾ. ಎಸ್. ಎಂ. ಪಂಡಿತ್ ರಂಗಮಂದಿರ, ಕನ್ನಡ ಭವನದ ಕಾರ್ಯಕ್ರಮಗಳೂ ಸಿಗುತ್ತವೆ. ಸಾಕ್ಷ್ಯಚಿತ್ರ, ಪ್ರಶಸ್ತಿ ಬಂದ ಕನ್ನಡ ಚಿತ್ರಗಳ ಪ್ರದರ್ಶನ ನಡೆದರೆ ಇಂಥ ಕಡೆಯೇ. ಇದು ದೊಡ್ಡವರಿಗೆ ಮತ್ತು ಹೈಸ್ಕೂಲು ದಾಟಿದ ಮಕ್ಕಳಿಗೆ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಭಾಷಣ ಇರುತ್ತದೆ. ಸಿನಿಮಾಕ್ಕಿಂತ ಮೊದಲು ಉದ್ಘಾಟನೆ, ಸ್ವಾಗತ, ಹಾರ-ತುರಾಯಿ. ಕಾರ್ಡಿನಲ್ಲಿ ಬರೆದ ಸಮಯಕ್ಕೆ ಒಂದು ಗಂಟೆ ಸೇರಿಸಿಕೊಂಡು ಹೋಗುವವರನ್ನು ನಾನು ಬೈಯುವುದಿಲ್ಲ. ಆದರೆ ಮುಗಿದ ಮೇಲೆ ನಡೆಯುವ ಮಾತುಕತೆ ಬಿಟ್ಟುಬರಬೇಡಿ, ಬೇರೆ ಯಾವ ಹಾಲಿನಲ್ಲೂ ಅದು ಸಿಗುವುದಿಲ್ಲ.

ಆ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತರು ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳ ಪೋಸ್ಟರ್ ಬರೆದು ಹೆಸರು ಮಾಡಿದರು. 'ಫಿಲ್ಮ್‌ಇಂಡಿಯಾ' ಪತ್ರಿಕೆಗೂ ಚಿತ್ರ ಬರೆದರು. ಹೀರೋ-ಹೀರೋಯಿನ್ನುಗಳ ಮುಖವನ್ನು ಕುಂಚದಲ್ಲಿ ದೇಶಕ್ಕೆಲ್ಲ ತೋರಿಸಿದ ಕೈ ನಮ್ಮ ಊರಿನದು ಎಂದು ಮಲ್ಟಿಪ್ಲೆಕ್ಸಿನ ಪೋಸ್ಟರ್ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳಿಗೆ ಯಾರಾದರೂ ಹೇಳಬೇಡವೇ?

ಸಾರ್ವಜನಿಕ ಪ್ರದರ್ಶನ ನಮಗೆ ಹೊಸದೇನೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಿಂದ ಆರಿಸಿದ್ದು ಬಿಜಾಪುರ, ರಾಯಚೂರು ಮತ್ತು ನಮ್ಮ ಗುಲಬರ್ಗಾ ಜಿಲ್ಲೆಯ ಹಳ್ಳಿಗಳನ್ನು. ಬೆಂಗಳೂರಿನ ಮನೆಗಳಿಗೆ ಟಿವಿ ಬರುವ ಮೊದಲೇ ನಮ್ಮ ಹಳ್ಳಿಗಳಲ್ಲಿ ಜನ ಸಂಜೆ ಒಂದು ಕಡೆ ಸೇರಿ ತೆರೆ ನೋಡುತ್ತಿದ್ದರು. ಮನೆಯಲ್ಲಿ ಅರವತ್ತು ದಾಟಿದ ಕಾಕಾ ಇದ್ದರೆ ಕೇಳಿ ನೋಡಿ.

ತೆರೆಯೇ ಬೇಡ ಅನ್ನುವ ಮಕ್ಕಳಿದ್ದರೆ ಕಲಬುರಗಿ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಸೀಟು ಬೇಗ ತುಂಬುತ್ತವೆ, ಪರೀಕ್ಷೆ ಮುಗಿಯುವ ಮೊದಲೇ ವಿಚಾರಿಸಬೇಕು.

ಹೈದರಾಬಾದಿಗೆ ಹೋಗಬೇಕೇ?

ಸುಮಾರು 220 ಕಿಲೋಮೀಟರ್. "ಅಲ್ಲಿ ದೊಡ್ಡ ತೆರೆ ಇದೆ, ನಡ್ರಿ ಹೋಗೋಣ" ಎಂದು ಪ್ರತಿ ರಜೆಯಲ್ಲೂ ಯಾರಾದರೊಬ್ಬ ಮಾಮಾ ಶುರು ಮಾಡುತ್ತಾರೆ. ಬರೀ ಒಂದು ಸಿನಿಮಾಕ್ಕಾಗಿ ಅಷ್ಟು ದೂರ ಬೇಡ. ಹೋಗುವುದೇ ಆದರೆ ಸಾಲಾರ್ ಜಂಗ್ ಸಂಗ್ರಹಾಲಯ ಮತ್ತು 1985ರಲ್ಲಿ ಶುರುವಾದ ಬಿರ್ಲಾ ತಾರಾಲಯವನ್ನು ಸೇರಿಸಿಕೊಂಡು ಎರಡು ದಿನ ಇಟ್ಟುಕೊಳ್ಳಿ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ. ತಾರಾಲಯದ ಶೋ ತೆಲುಗು, ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮಾತ್ರ ಬರುವ ಮಕ್ಕಳಿಗೆ ಇಲ್ಲಿಯದನ್ನು ಮೊದಲು ತೋರಿಸಿದ್ದರೆ ಅಲ್ಲಿಯದು ಅರ್ಥವಾಗುತ್ತದೆ.

ದಸರಾ ರಜೆಯಾದರೆ ಲೆಕ್ಕ ಬೇರೆ

ಅಕ್ಟೋಬರಿನಲ್ಲಿ ಬಿಸಿಲಿನ ಕಾಟ ಇಲ್ಲ. ಮಧ್ಯಾಹ್ನ ಎರಡಕ್ಕೂ ವಿಜ್ಞಾನ ಕೇಂದ್ರದ ಉದ್ಯಾನದಲ್ಲಿ ಮಕ್ಕಳು ಆಡಬಹುದು. ಅಕ್ಟೋಬರ್ 4ರಿಂದ 10 ವಿಶ್ವ ಬಾಹ್ಯಾಕಾಶ ಸಪ್ತಾಹ. ಹಬ್ಬ ಆ ವಾರಕ್ಕೆ ಹೊಂದಿಕೊಂಡು ಬಂದ ವರ್ಷ ತಾರಾಮಂಡಲಕ್ಕೆ ಹೋಗುವುದನ್ನು ಆ ವಾರಕ್ಕೇ ಇಟ್ಟುಕೊಳ್ಳಿ. ಹೊರಗಿನ ಆಕಾಶಕ್ಕೆ ಮಾತ್ರ ಮೋಡ ಬಿಡಬೇಕು.

ಆದರೆ ಸಿನಿಮಾ ಹಾಲುಗಳಲ್ಲಿ ನೂಕುನುಗ್ಗಲು ಬೇಸಿಗೆಗಿಂತ ಜಾಸ್ತಿ. ಕನ್ನಡ, ತೆಲುಗಿನ ದೊಡ್ಡ ಚಿತ್ರಗಳೆಲ್ಲ ಹಬ್ಬಕ್ಕೇ ಕಾದು ಕೂತಿರುತ್ತವೆ. ಮೊದಲ ನಾಲ್ಕು ದಿನ ದರವೂ ಏರುತ್ತದೆ, ನಡುಸಾಲೂ ಸಿಗುವುದಿಲ್ಲ. ಮಲ್ಟಿಪ್ಲೆಕ್ಸ್ ಸಂಘದವರು ನಡೆಸುವ ರಾಷ್ಟ್ರೀಯ ಸಿನಿಮಾ ದಿನ 2022ರಲ್ಲಿ ಸೆಪ್ಟೆಂಬರ್ 23ಕ್ಕೆ, 2023ರಲ್ಲಿ ಅಕ್ಟೋಬರ್ 13ಕ್ಕೆ, 2024ರಲ್ಲಿ ಸೆಪ್ಟೆಂಬರ್ 20ಕ್ಕೆ ಬಂದಿತ್ತು. ಮೊದಲ ವರ್ಷ ಟಿಕೆಟ್ 75 ರೂಪಾಯಿ, ಆಮೇಲೆ 99. ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ಹಬ್ಬದ ಮುಂಚಿನ ವಾರಗಳಲ್ಲಿ ಪ್ರಕಟಣೆ ನೋಡುತ್ತಿರಿ. ಅದು ಸಿಗದಿದ್ದರೆ ವಿಜಯದಶಮಿ ಮುಗಿದು ಬನ್ನಿ ಹಂಚಿ ನೆಂಟರೆಲ್ಲ ಊರಿಗೆ ಹೊರಟ ಮೇಲೆ ಬರುವ ಮಂಗಳವಾರ, ಬುಧವಾರ ಹೋಗಿ. ಶಾಲೆ ಇನ್ನೂ ತೆರೆದಿರುವುದಿಲ್ಲ, ಹಾಲು ಅರ್ಧ ಖಾಲಿ ಇರುತ್ತದೆ, ಟಿಕೆಟ್ ಕೌಂಟರಿನಲ್ಲೇ ಸಿಗುತ್ತದೆ.